ಒಂದು ಲೋಟ ಅಪ್ಪೆಹುಳಿ
ಶಿಕಾರಿಪುರದ ನಮ್ಮನೆಯಿಂದ ಬೇಸಿಗೇಲಿ ಸೊರಬಕ್ಕೆ ಹೋದರೆ ಸೋದರತ್ತೆ ಮೊದಲು ಕೊಡೋದು ಅಪ್ಪೆಹುಳಿ. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು, ಉಪ್ಪು, ಚೂರು ಬೆಲ್ಲ ಹಾಕಿ, ಸಾಸಿವೆ, ಇಂಗು, ಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಆಯ್ತು. ಕುಡಿದ ಮೇಲೆ ಲ್ಯಾಪ್‌ಟಾಪ್ ತೆಗೆಯೋ ಮಾತೇ ಇಲ್ಲ, ನಿದ್ದೆ!

ಕಾಟುಮಾವು ಹಣ್ಣಾದರೆ ಸಾಸಿವೆ. ಹಣ್ಣು ಹಿಂಡಿ, ಗೊರಟು ಸಮೇತ ಬೆಲ್ಲದಲ್ಲಿ ಕಲಸಿ, ಕಾಯಿತುರಿ ಜತೆ ಹಸಿ ಸಾಸಿವೆ, ಮೆಣಸು ರುಬ್ಬಿ ಸೇರಿಸೋದು. ಕುದಿಸೋ ಹಾಗಿಲ್ಲ. ಬೆಂಗಳೂರಲ್ಲಿ ಬಾದಾಮಿ ಹಣ್ಣಲ್ಲಿ ಮಾಡಿದೆ. ಬರೀ ಸಿಹಿ, ಹುಳಿಯೇ ಇಲ್ಲ.

ಅಪ್ಪೆಮಿಡಿಗೆ ಜಿಐ ಮಾನ್ಯತೆಯಿದೆ. ಆದರೂ ಮಿಡಿ ಕೀಳೋಕೆ ಕೊಂಬೆಯನ್ನೇ ಕಡಿಯೋರಿದ್ದಾರೆ. ಅತ್ತೆ ಮನೆ ಹಿಂದಿನ ಮರದ ಅರ್ಧ ಹಾಗೇ ಹೋಯ್ತು. ಗೊರಟು ನೆಟ್ಟರೆ ಅದೇ ಪರಿಮಳ ಬರುತ್ತೆ ಅನ್ನೋ ಗ್ಯಾರಂಟಿಯಿಲ್ಲ, ಕಸಿಯೇ ಕಟ್ಟಬೇಕು. ಉಳಿದರ್ಧದಿಂದ ನಾಲ್ಕು ಕಸಿಕಡ್ಡಿ ಕೊಡಿ ಅಂತ ಅತ್ತೆಗೆ ಹೇಳಿಟ್ಟಿದೀನಿ.