ಪಾಷಾಣ ಉಂಡು ನಳನಳಿಸುವ ಜರೀಗಿಡ

ಅಮೆರಿಕದ ಮಧ್ಯ ಫ್ಲಾರಿಡಾದಲ್ಲಿ ಮರಕ್ಕೆ ರಾಸಾಯನಿಕ ಕುಡಿಸುತ್ತಿದ್ದ ಒಂದು ಹಳೆಯ ಜಾಗ. ಮಣ್ಣಿನ ತುಂಬ ಆರ್ಸೆನಿಕ್, ಅಂದರೆ ಅಪ್ಪಟ ಪಾಷಾಣ. ಅಲ್ಲೊಂದು ಜರೀಗಿಡ ಹಚ್ಚಹಸಿರಾಗಿ ಬೆಳೆದಿತ್ತು! ವಿಜ್ಞಾನಿ ಲೀನಾ ಮಾ ಮತ್ತು ಸಂಗಡಿಗರು ಅದರ ಎಲೆಗಳನ್ನು ಪರೀಕ್ಷಿಸಿ ಬೆರಗಾದರು. ಟೆರಿಸ್ ವಿಟ್ಟಾಟ ಎಂಬ ಆ ಗಿಡ ವಿಷವನ್ನು ಬರೀ ಸಹಿಸಿಕೊಂಡಿರಲಿಲ್ಲ, ಬೇರಿನಿಂದ ಹೀರಿ ಎಲೆಗಳಲ್ಲಿ ಪೇರಿಸಿಟ್ಟಿತ್ತು. ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಬೆಳೆಸಿ ನೋಡಿದಾಗ, ಒಂದು ಕಿಲೋ ಒಣ ಎಲೆಗೆ 22 ಗ್ರಾಂ ಮೀರಿ ಆರ್ಸೆನಿಕ್ ಸಿಕ್ಕಿತು. 2001ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಇದೇ ಜರೀಗಿಡ ನಮ್ಮ ಭಾರತದಲ್ಲೂ ಹಳೆಯ ಗೋಡೆಗಳ ಸಂದಿಯಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ!

ಇನ್ನೂ ದೊಡ್ಡ ಅಚ್ಚರಿ ಕೇಳಿ. ಆ ಮಣ್ಣಿಗಿಳಿದ ರಾಸಾಯನಿಕ ಮಿಶ್ರಣ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ ಅದನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಕಚ್ಚಿಸುತ್ತದೆ. ಎಂಥ ಜಾಣ ಜೋಡಣೆ! ಬೇಗ ಕೊಳೆಯುವ ಮೆದುಮರವೂ ದಶಕಗಟ್ಟಲೆ ಬಾಳುತ್ತದೆ. ಕಂಬ, ಬೇಲಿ, ಜಗಲಿಗಳಾಗಿ ಅದು ಜಗತ್ತೆಲ್ಲ ಹರಡಿತು.

ಆದರೆ ಕಂಬ ಕಿತ್ತ ಮೇಲೆ? ಅದರಲ್ಲಿರುವ ಆರ್ಸೆನಿಕ್ ಮೂಲವಸ್ತು. ಕೊಳೆಯದು, ಸುಟ್ಟರೂ ಸಾಯದು. ಬೆಂಕಿಗೆ ಹಾಕಿದರೆ ಒಂದಷ್ಟು ಹೊಗೆಯೊಂದಿಗೆ ಹಾರುತ್ತದೆ, ಉಳಿದದ್ದು ಬೂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಡಿಗೆ ಹಾಸಿಲ್ಲದ ತಿಪ್ಪೆಯಲ್ಲಿ ಹೂತರೆ ಮಳೆನೀರಿನೊಂದಿಗೆ ಅಂತರ್ಜಲಕ್ಕೆ ಇಳಿಯಬಹುದು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಈ ಮಿಶ್ರಣ ನಿಂತಿತು. ಆಗಲೇ ನೆಟ್ಟದ್ದು ಮಾತ್ರ ಒಂದೊಂದಾಗಿ ಕಸವಾಗಿ ಬರುತ್ತಲೇ ಇದೆ.

ಅದನ್ನು ಗುರುತಿಸುವ ಬಗೆಯೂ ಬೆರಗೇ. ಪ್ಯಾನ್ ಎಂಬ ದ್ರಾವಣ ಸಿಂಪಡಿಸಿದರೆ ಸಾದಾ ಮರ ಕಿತ್ತಳೆಯಾಗುತ್ತದೆ, ತಾಮ್ರ ಕುಡಿದ ಮರ ಕಡುಗೆಂಪಿಗೆ ತಿರುಗುತ್ತದೆ! ಎಕ್ಸ್-ರೇ ಯಂತ್ರವಂತೂ ಮುಟ್ಟದೆಯೇ ಆರ್ಸೆನಿಕ್ಕನ್ನು ಪತ್ತೆಹಚ್ಚುತ್ತದೆ. ಹೀಗೆ ಬೇರ್ಪಡಿಸಿದ್ದನ್ನು ತಳಕ್ಕೆ ಸೋರದ ಹಾಸು ಹಾಕಿದ ಹೊಂಡಕ್ಕೆ ಸಾಗಿಸುವುದೇ ಸುರಕ್ಷಿತ ದಾರಿ.

ಜರೀಗಿಡ ಮಣ್ಣನ್ನು ಶುದ್ಧಮಾಡಬಲ್ಲದು. ಆದರೆ ಅದರ ಎಲೆಗಳನ್ನೂ ಕೊಯ್ದು ಜೋಪಾನವಾಗಿ ವಿಲೇವಾರಿ ಮಾಡಲೇಬೇಕು, ಏಕೆಂದರೆ ವಿಷ ಜಾಗ ಬದಲಿಸಿದೆಯೇ ಹೊರತು ಅಳಿದಿಲ್ಲ. ಹಾಗಾಗಿ ಹಸಿರು ಛಾಯೆಯ ಹಳೆಯ ಮರದ ತುಂಡು ಕೈಗೆ ಸಿಕ್ಕರೆ ಹಂಡೆಯೊಲೆಗೆ ತುರುಕಬೇಡಿ, ಅದರ ಹೊಟ್ಟನ್ನು ಗೊಬ್ಬರಕ್ಕೆ ಬೆರೆಸಬೇಡಿ. ಬಣ್ಣ ಮಾಸಿದ್ದರೂ ವಿಷ ಮಾಸಿರುವುದಿಲ್ಲ.