ಅಜ್ಜಿಯ ಹಾಡಿಗೆ ಯಾವ ಮೈಕ್?

ನನ್ನ ಅಮ್ಮನಿಗೆ ಎಂಬತ್ತು ದಾಟಿದೆ. ಅವರು ಹಾಡುವ ಸೋಬಾನೆ ಪದಗಳನ್ನು ಯಾರೂ ಬರೆದಿಟ್ಟಿಲ್ಲ. ಮಗಳು ಗಿಟಾರ್ ನುಡಿಸುತ್ತಾಳೆ. ಅಜ್ಜಿಯ ದನಿ ಗಟ್ಟಿಯಾಗಿರುವಾಗಲೇ ಇಬ್ಬರದನ್ನೂ ಮುದ್ರಿಸಿಡೋಣವೆಂದು ಕಡಿಮೆ ಖರ್ಚಿನ ದಾರಿ ಹುಡುಕಿದೆ.

ಮೈಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ. ತಂತಿಯ ಸಣ್ಣ ಮಿಡಿತದ ಜೊತೆಗೆ ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಗದ್ದಲದ ಬೀದಿಯಾದರೆ ಹತ್ತಿರದಿಂದ ಹಾಡುವ ಡೈನಮಿಕ್ ಮೈಕೇ ವಾಸಿ.

ಒಬ್ಬರೇ ಹಾಡುವುದಾದರೆ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಯುಎಸ್‌ಬಿ ಮೈಕ್ ಸಾಕು. ನಮ್ಮಂತೆ ದನಿಗೊಂದು, ಗಿಟಾರಿಗೊಂದು ಬೇಕಿದ್ದರೆ, ಎರಡು ಮೈಕ್ ಜೋಡಿಸಬಹುದಾದ ಆಡಿಯೋ ಇಂಟರ್‌ಫೇಸ್ ಕೊಳ್ಳಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಅದರಲ್ಲಿದೆಯೇ ಎಂದು ಕೇಳಿಕೊಳ್ಳಿ. ಮುದ್ರಿಸಲು ಉಚಿತವಾದ ಆಡಾಸಿಟಿ ತಂತ್ರಾಂಶವಿದೆ.

ಇನ್ನು ದುಡ್ಡೇ ಬೇಡದ ಉಪಾಯಗಳು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ; ಹಾಸಿಗೆ, ಕೌದಿ, ಬಟ್ಟೆಗಳಿರುವ ಕೋಣೆ ಆರಿಸಿ. ಫ್ಯಾನ್ ನಿಲ್ಲಿಸಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಗಿಟಾರಿನ ರಂಧ್ರಕ್ಕೆ ನೇರವಾಗಿ ಮೈಕ್ ಇಟ್ಟರೆ ದನಿ ಗುಂಯ್‌ಗುಡುತ್ತದೆ. 12ನೇ ಫ್ರೆಟ್‌ನತ್ತ ತಿರುಗಿಸಿ, ಗೇಣಿಗಿಂತ ತುಸು ದೂರವಿಡಿ.

ಮಕ್ಕಳೇ, ಮೈಕ್ ಬರುವತನಕ ಕಾಯಬೇಡಿ. ಇದೇ ಭಾನುವಾರ ಅಪ್ಪ ಅಮ್ಮನ ಮೊಬೈಲಿನಲ್ಲೇ ಅಜ್ಜಿಯ ಒಂದು ಹಾಡು ಹಿಡಿದಿಡಿ. ಮೊದಲಿಗೆ ಅವರ ಹೆಸರು, ಊರು, ಹಾಡು ಕಲಿಸಿದವರು ಯಾರೆಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಪ್ರತಿಯನ್ನು ಎರಡು ಕಡೆ ಉಳಿಸಿಡಿ.