ಕೋವಿಗೆ ನೀರು ಮೊದಲು, ಎಣ್ಣೆ ಬಳಿಕ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ತೋಟಗಳಲ್ಲಿ ಮಂಗಗಳನ್ನು ಬೆದರಿಸಲು ಪರವಾನಗಿಯ ಮೇಲೆ ಇಟ್ಟುಕೊಂಡ ಹಳೆಯ ಕೇಪಿನ ಕೋವಿಗಳುಂಟು. ಎಣ್ಣೆ ಸವರಿದರೂ ಮಳೆಗಾಲದಲ್ಲಿ ಇವು ತುಕ್ಕು ಹಿಡಿಯುವುದೇಕೆ?

ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದಲ್ಲಿ ಉಳಿಯುತ್ತದೆ. ನಳಿಗೆಗೆ ಅಂಟಿದ ಈ ಮಸಿಯ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಅವು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗವು. ತೊಳೆಯದೆ ಎಣ್ಣೆ ಹಚ್ಚುವುದೆಂದರೆ ಕಳ್ಳನನ್ನು ಒಳಗಿಟ್ಟು ಬಾಗಿಲಿಕ್ಕಿದಂತೆ.

ಬಿಚ್ಚುವ ಮುನ್ನ ಕೇಪನ್ನು ತೆಗೆದು, ಮದ್ದು ಜಡಿಯುವ ಕಡ್ಡಿಯನ್ನು ನಳಿಗೆಗೆ ಇಳಿಸಿ ನೋಡಬೇಕು. ಅದು ತಳ ಮುಟ್ಟದಿದ್ದರೆ ಒಳಗೆ ಈಡು ಇರಬಹುದು. ಆಗ ಕೆಲಸ ಬಲ್ಲವರದು. ಬರಿದೆಂದು ಖಚಿತವಾದರೆ ನಾವು ನಳಿಗೆಯನ್ನು ಬಿಸಿನೀರಿನಿಂದ ತೊಳೆಯೋಣ. ಕಾದ ಲೋಹ ಬೇಗ ಒಣಗುತ್ತದೆ. ಎಣ್ಣೆಯ ಸರದಿ ಆಮೇಲೆ.